ಜಮಖಂಡಿಯ ಜೋಳ, ಪುಣೆಯ ಕಾಲೇಜು

ಪುಣೆಯ ಟಿಳಕ ರಸ್ತೆಯ ಎಸ್.ಪಿ. ಕಾಲೇಜಿನ ಮುಂದೆ ಎಷ್ಟೋ ವರ್ಷ ಓಡಾಡಿದ್ದೇನೆ. ಫಲಕದ ಮೇಲಿನ ‘ಸರ್ ಪರಶುರಾಮಭಾವು’ ಯಾರೆಂದು ವಿಚಾರಿಸಿರಲಿಲ್ಲ. ಗೊತ್ತಾದಾಗ ಅಚ್ಚರಿ... ನಮ್ಮ ಜಮಖಂಡಿಯ ದೊರೆ! 1916ರಲ್ಲಿ ನ್ಯೂ ಪೂನಾ ಕಾಲೇಜ್ ಎಂದು ಶುರುವಾದದ್ದಕ್ಕೆ ಆ ಮನೆತನದ ದೇಣಿಗೆಯಿಂದಲೇ ಈ ಹೆಸರು ಬಂತು.

ಪಟವರ್ಧನರ ಆಸ್ತಿ 1811ರಲ್ಲಿ ಪಾಲಾದಾಗ ಹುಟ್ಟಿದ ಸಂಸ್ಥಾನ ಜಮಖಂಡಿ. ವಿಸ್ತಾರ 524 ಚದರ ಮೈಲಿ, 1901ರಲ್ಲಿ ಜನ ಒಂದು ಲಕ್ಷದ ಮೇಲೆ. ಸಮುದ್ರ ದೂರ, ಮಳೆ ಕಡಿಮೆ. ಇದ್ದ ನೆಲವೂ ಒಂದೇ ಕಡೆ ಇಲ್ಲ: ಕೃಷ್ಣೆಯ ಸೀಮೆಯಲ್ಲಿ ಜಮಖಂಡಿ, ದೂರದಲ್ಲಿ ಹುಬ್ಬಳ್ಳಿ ಹತ್ತಿರ ಕುಂದಗೋಳ. ಎರಡೂ ಕಡೆ ಎರೆ ಹೊಲ, ಜೋಳ, ಹತ್ತಿ. ದೊರೆಯ ಮನೆಮಾತು ಮರಾಠಿ, ಕಂದಾಯ ಕಟ್ಟುವ ರೈತನದು ಕನ್ನಡ.

ಆ ಕುಂದಗೋಳದವರೇ ಸವಾಯಿ ಗಂಧರ್ವರು. ಗದಗಿನ ಹುಡುಗ ಭೀಮಸೇನ ಜೋಶಿ ನೀರು ಹೊತ್ತು ಹಾಡು ಕಲಿತದ್ದು ಅವರ ಮನೆಯಲ್ಲೇ. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ ಶಿಷ್ಯ ಅವರ ಹೆಸರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುಮಾಡಿದರು.

1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ಆ ನೆಲ ಮೈಸೂರು ರಾಜ್ಯಕ್ಕೆ ಸೇರಿತು. ಹೊಲ ಅಲ್ಲಿ, ಕಾಲೇಜು ಇಲ್ಲಿ!

ಗಡಿ ಜಗಳ ಎದ್ದಾಗಲೆಲ್ಲ ಇಲ್ಲಿನ ಗೆಳೆಯರು ನನ್ನನ್ನು ಹೊರಗಿನವನೆಂದು ಕೆಣಕುವುದುಂಟು. ಆಗ ಈ ಕಥೆ ಹೇಳುತ್ತೇನೆ. ಫಲಕದ ಮೇಲೆ ದೊರೆಯ ಹೆಸರಿದೆ, ಸರಿ. ಆ ಬೊಕ್ಕಸ ತುಂಬಿಸಿದ ಕನ್ನಡದ ಒಕ್ಕಲಿಗನ ಹೆಸರನ್ನು ನಾವಾದರೂ ನೆನೆಯಬೇಡವೇ?