ಪುಷ್ಯರಾಗ ಅಂದ್ರೆ ಯಾವ ಕಲ್ಲು? ಉಂಗುರ ಮಾಡಿಸುವ ಮುನ್ನ ತಿಳಿದಿರಲಿ

ಗುರುಬಲಕ್ಕೆಂದು ಉಂಗುರ ಮಾಡಿಸುವವರು ಅಂಗಡಿಯಲ್ಲಿ ಕೇಳುವುದು ಪುಷ್ಯರಾಗ. ಆದರೆ ಈ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಹಳದಿ ಕಲ್ಲುಗಳು ಕೈಗೆ ಬರಬಹುದು. ಬೆಲೆಯಲ್ಲಂತೂ ಅಜಗಜಾಂತರ.

ಕನಕ ಪುಷ್ಯರಾಗ ಅಂದ್ರೆ ಹಳದಿ ಸಫೈರ್. ಮಾಣಿಕ್ಯ, ನೀಲ ಇದೇ ಜಾತಿಯವು. ಶ್ರೀಲಂಕಾದ ಕಲ್ಲಿಗೆ ಹೆಸರು ಜಾಸ್ತಿ. ಟೋಪಾಜ್ ಬೇರೆಯೇ ಖನಿಜ. ಮೂರನೆಯದು ಸಿಟ್ರಿನ್, ಅಂದರೆ ಸ್ಫಟಿಕದ ಹಳದಿ ರೂಪ. ಮೂರರಲ್ಲಿ ಅಗ್ಗದ್ದು ಇದೇ. ಇದನ್ನೇ ‘ಗೋಲ್ಡನ್ ಟೋಪಾಜ್’ ಅಂತ ದಾಟಿಸೋದೂ ಉಂಟು.

ಅಸಲಿಗೆ ಶುದ್ಧ ಟೋಪಾಜ್‌ಗೆ ಬಣ್ಣವೇ ಇಲ್ಲ. ಬ್ರೆಜಿಲ್‌ನ ಔರೋ ಪ್ರೆಟೊ ಸುತ್ತಮುತ್ತ ಸಿಗುವ ಕಿತ್ತಳೆ, ಗುಲಾಬಿ ಛಾಯೆಯ ‘ಇಂಪೀರಿಯಲ್’ ಟೋಪಾಜ್ ಬಲು ದುಬಾರಿ. ಅಂಗಡಿಯಲ್ಲಿ ಥಳಥಳಿಸುವ ನೀಲಿ ಟೋಪಾಜ್ ಬಹುತೇಕ ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಹಾಯಿಸಿ, ಆಮೇಲೆ ಕಾಯಿಸಿ ಮಾಡಿದ್ದು. ಹೇಳಿ ಮಾರಿದರೆ ಅದರಲ್ಲಿ ಮೋಸವೇನಿಲ್ಲ.

ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸಿಟ್ರಿನ್ 7, ಟೋಪಾಜ್ 8, ಸಫೈರ್ 9. ಹಾಗಂತ ಮನೆಯಲ್ಲಿ ಗೀಚಿ ನೋಡಬೇಡಿ, ಕಲ್ಲೇ ಹಾಳು. ಟೋಪಾಜ್ ಗಟ್ಟಿಯಾದರೂ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ನೀಟಾಗಿ ಸೀಳಿಬಿಡುತ್ತೆ. ದಿನವಿಡೀ ಕೆಲಸ ಮಾಡೋ ಕೈಗೆ ಉಂಗುರಕ್ಕಿಂತ ಓಲೆ, ಪದಕ ವಾಸಿ.

ಬಣ್ಣ ನೋಡಿ ಕಲ್ಲು ಗುರುತಿಸೋದು ಕಸುಬಿನವರಿಗೂ ಕಷ್ಟ. ರತ್ನ ಪರೀಕ್ಷೆಯ ಲ್ಯಾಬ್‌ನಲ್ಲಿ ಕಲ್ಲಿನ ಸಾಂದ್ರತೆ, ಅದರೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಅಳೆದು ಹೇಳುತ್ತಾರೆ. ಬಿಲ್‌ನಲ್ಲಿ ಬರೀ ‘ಪುಷ್ಯರಾಗ’ ಅಂತಿದ್ದರೆ ಸಾಲದು. ಸಫೈರೋ, ಟೋಪಾಜೋ, ಸಿಟ್ರಿನ್ನೋ ಬರೆಸಿಕೊಳ್ಳಿ. ತೂಕ ಕ್ಯಾರೆಟ್‌ನಲ್ಲಿರಲಿ (1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ). ಬಣ್ಣಕ್ಕಾಗಿ ಕಾಯಿಸಿದ್ದರೆ ಅದೂ ಬಿಲ್‌ನಲ್ಲಿರಲಿ.