ಉತ್ತರ ಐರ್ಲೆಂಡ್: ಸಂಘರ್ಷ ಮತ್ತು ಶಾಂತಿಯ ಸಾಮಾಜಿಕ ಮನೋವಿಜ್ಞಾನ

1960ರ ದಶಕದ ಕೊನೆಯಿಂದ 1998ರವರೆಗೆ ಉತ್ತರ ಐರ್ಲೆಂಡಿನ ಹಿಂಸಾಚಾರ 3,500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬ್ರಿಟನ್ನಿನೊಂದಿಗೇ ಉಳಿಯಬೇಕೆಂದವರು ಬಹುಪಾಲು ಪ್ರಾಟೆಸ್ಟಂಟರು. ಐರ್ಲೆಂಡ್ ಒಂದಾಗಬೇಕೆಂದವರು ಬಹುಪಾಲು ಕ್ಯಾಥೊಲಿಕರು. ಆದರೂ ಇದನ್ನು ಧರ್ಮಯುದ್ಧವೆನ್ನುವುದು ತಪ್ಪು. ವಸತಿ, ಉದ್ಯೋಗಗಳಲ್ಲಿನ ತಾರತಮ್ಯ ಮತ್ತು ರಾಷ್ಟ್ರನಿಷ್ಠೆಯ ಪ್ರಶ್ನೆ ಕಲಹದ ಬೇರಿನಲ್ಲಿದ್ದವು.

ಹೆಸರು, ಓದಿದ ಶಾಲೆ, ವಾಸದ ಬೀದಿ ತಿಳಿದರೆ ಸಾಕು, ಅಪರಿಚಿತರು ಯಾವ ಕಡೆಯವರೆಂದು ಜನ ಊಹಿಸುತ್ತಿದ್ದರು. ಎದುರು ಗುಂಪಿನ ಒಬ್ಬರನ್ನೂ ಕಾಣುವ ಮೊದಲೇ ಎಷ್ಟೋ ಮಕ್ಕಳಲ್ಲಿ ಅವರ ಬಗ್ಗೆ ಭಯ ಮೂಡಿರುತ್ತಿತ್ತು. ದೀರ್ಘ ಸಂಘರ್ಷಗಳು ಬೆಳೆಸುವ ಇಂಥ ಸಾಮೂಹಿಕ ನಂಬಿಕೆಗಳನ್ನು ಇಸ್ರೇಲಿನ ಮನೋವಿಜ್ಞಾನಿ ಡೇನಿಯಲ್ ಬಾರ್-ಟಾಲ್ ವಿಶ್ಲೇಷಿಸಿದ್ದಾರೆ: ನಮ್ಮ ಗುರಿ ನ್ಯಾಯವಾದದ್ದು, ನಾವೇ ನೊಂದವರು, ಅವರು ನಂಬಿಕೆಗೆ ಅರ್ಹರಲ್ಲ. ಯಾರ ನೋವು ದೊಡ್ಡದೆಂಬ ಪೈಪೋಟಿ ಶುರುವಾದರೆ ಕ್ಷಮೆ ಇನ್ನಷ್ಟು ಕಷ್ಟ.

ಸಮಾನ ಸ್ಥಾನಮಾನದ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆಂದು ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಪ್ರತಿಪಾದಿಸಿದ್ದರು. ಎಡ್ ಕೆಯರ್ನ್ಸ್, ಮೈಲ್ಸ್ ಹ್ಯೂಸ್ಟೋನ್ ಮೊದಲಾದ ಮನೋವಿಜ್ಞಾನಿಗಳ ಅಧ್ಯಯನಗಳು ಉತ್ತರ ಐರ್ಲೆಂಡಿನಲ್ಲಿಯೂ ಗುಂಪು ದಾಟಿದ ಗೆಳೆತನಕ್ಕೂ ಹೆಚ್ಚಿನ ವಿಶ್ವಾಸಕ್ಕೂ ನಂಟು ಕಂಡವು. 1981ರಲ್ಲಿ, ಹಿಂಸೆಯ ನಡುವೆಯೇ, ಪೋಷಕರು ಬೆಲ್‌ಫಾಸ್ಟಿನಲ್ಲಿ 28 ಮಕ್ಕಳೊಂದಿಗೆ ಲಗಾನ್ ಕಾಲೇಜೆಂಬ, ಎರಡೂ ಸಮುದಾಯಗಳ ಮಕ್ಕಳು ಒಟ್ಟಿಗೆ ಕಲಿಯುವ ಮಿಶ್ರ ಶಾಲೆ ತೆರೆದರು. ಅದು ನಿಜವಾದ ಧೈರ್ಯ.

ಸಂಘರ್ಷ ಕೊನೆಗಾಣಿಸಲು ಮಾಡಿಕೊಂಡ 1998ರ ಏಪ್ರಿಲ್ 10ರ ಶುಭ ಶುಕ್ರವಾರದ ಒಪ್ಪಂದ ಯಾರನ್ನೂ ತಮ್ಮ ಗುರುತು ಬಿಟ್ಟುಕೊಡುವಂತೆ ಕೇಳಲಿಲ್ಲ: ಬ್ರಿಟಿಷರೆಂದೋ ಐರಿಷರೆಂದೋ ಎರಡೂ ಎಂದೋ ಹೇಳಿಕೊಳ್ಳುವ ಹಕ್ಕನ್ನು ಅದು ಮಾನ್ಯ ಮಾಡಿತು. ಮೇ ತಿಂಗಳ ಜನಮತಗಣನೆಯಲ್ಲಿ ಶೇ 71ರಷ್ಟು ಮತದಾರರು ಒಪ್ಪಿದರು. ಆಗಸ್ಟಿನಲ್ಲಿ ಓಮಾ ಪಟ್ಟಣದಲ್ಲಿ ನಡೆದ ಬಾಂಬ್ ಸ್ಫೋಟ 29 ಜನರನ್ನು ಕೊಂದರೂ ಒಪ್ಪಂದ ಮುರಿಯಲಿಲ್ಲ. ಆದರೂ ಬೆಲ್‌ಫಾಸ್ಟಿನಲ್ಲಿ ಎರಡು ಸಮುದಾಯಗಳ ಬಡಾವಣೆಗಳನ್ನು ಬೇರ್ಪಡಿಸುವ ಹಲವು ಗೋಡೆಗಳು ಇನ್ನೂ ಉಳಿದಿವೆ. ಬಹುಪಾಲು ಮಕ್ಕಳು ಇಂದಿಗೂ ಬೇರೆ ಬೇರೆ ಶಾಲೆಗಳಲ್ಲೇ ಕಲಿಯುತ್ತಾರೆ.