ಹೆಸರು ಮೊದಲು, ಕಥೆ ಆಮೇಲೆ: ಟೋಲ್ಕಿನ್ ಕೃತಿಗಳ ಪಾತ್ರನಾಮಗಳು

ಅದ್ಭುತ ಕಥೆಗಳ ಪಾತ್ರನಾಮಗಳಲ್ಲಿ ಗೂಢಾರ್ಥವನ್ನು ಅರಸುವ ಉತ್ಸಾಹಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಬಹುವಾಗಿ ಗುರಿಯಾದ ಲೇಖಕರಲ್ಲಿ ಜೆ.ಆರ್.ಆರ್. ಟೋಲ್ಕಿನ್ (1892–1973) ಒಬ್ಬರು. ಅದಕ್ಕೆ ಕಾರಣವೂ ಉಂಟು. ಅವರು ವೃತ್ತಿಯಿಂದ ಕಾದಂಬರಿಕಾರರಲ್ಲ, ಶಬ್ದಶಾಸ್ತ್ರಜ್ಞರು. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಮೇಲೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಾರ್ಯಾಲಯದಲ್ಲಿ ದುಡಿದರು. 1925ರಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾದರು. ಇಂಥವರ ಕೈಯಲ್ಲಿ ಹೆಸರು ಪಾತ್ರದ ಕೊರಳಿಗೆ ಕಟ್ಟಿದ ಚೀಟಿಯಾಗಿ ಉಳಿಯುವುದಿಲ್ಲ. ಕಥೆಯೇ ಅದರಿಂದ ಮೊಳೆಯುತ್ತದೆ.

1937ರಲ್ಲಿ ಪ್ರಕಟವಾದ ‘ದ ಹಾಬಿಟ್’ ಕೃತಿಯ ಕುಬ್ಜರನ್ನೇ ನೋಡಬಹುದು. ಥೋರಿನ್, ದ್ವಾಲಿನ್, ಬಿಫುರ್, ಬೊಂಬುರ್, ಫೀಲಿ, ಕೀಲಿ ಮೊದಲಾದ ಬಹುಪಾಲು ಹೆಸರುಗಳು ‘ವೊಲುಸ್ಪಾ’ ಎಂಬ ಪ್ರಾಚೀನ ನಾರ್ಸ್ ಕಾವ್ಯದವು. ಹದಿಮೂರನೆಯ ಶತಮಾನದ ಐಸ್‌ಲೆಂಡಿನ ಹಸ್ತಪ್ರತಿಯೊಂದರಲ್ಲಿ ಉಳಿದುಬಂದ ಆ ಕಾವ್ಯದ ನಡುವೆ ಕುಬ್ಜರ ನಾಮಾವಳಿಯೊಂದಿದೆ. ಅದು ಬರಿಯ ಪಟ್ಟಿ. ಹೆಚ್ಚಿನವರಿಗೆ ಕಥೆಯೇ ಇಲ್ಲ. ಅದೇ ಪಟ್ಟಿಯಲ್ಲಿ ಗಂಡಾಲ್ಫ್ ಎಂಬ ಹೆಸರೂ ಇದೆ. ‘ಗಂದರ್’ ಎಂದರೆ ಮಂತ್ರದಂಡ, ‘ಆಲ್ಫರ್’ ಎಂದರೆ ಎಲ್ಫ್, ಅಂದರೆ ಕುಬ್ಜರಿಗಿಂತ ಬೇರೆಯೇ ಆದ ಒಂದು ದೇವಕುಲದವನು. ಕುಬ್ಜರ ಸಾಲಿನಲ್ಲಿ ಎಲ್ಫ್‌ನ ಹೆಸರಿಗೇನು ಕೆಲಸ? ದಂಡ ಹಿಡಿದು, ಕುಬ್ಜರ ತಂಡವನ್ನು ಹೊರಡಿಸುವ ಮುದಿ ಮಾಂತ್ರಿಕನ ಪಾತ್ರ ಈ ಪ್ರಶ್ನೆಗೆ ದೊರೆತ ಉತ್ತರವೆಂದು ವಿದ್ವಾಂಸರು ಊಹಿಸಿದ್ದಾರೆ. ಊಹೆ ಸೊಗಸಾಗಿದೆ, ಆದರೆ ದಾರಿ ಅಷ್ಟು ನೇರವಾಗಿರಲಿಲ್ಲ. ಕೃತಿಯ ಮೊದಲ ಕರಡಿನಲ್ಲಿ ಗಂಡಾಲ್ಫ್ ಎಂಬುದು ಕುಬ್ಜರ ನಾಯಕನ ಹೆಸರು, ಮಾಂತ್ರಿಕನು ಬ್ಲಾದೊರ್ಥಿನ್. ಬರೆಯುತ್ತ ಹೋದಂತೆ ಹೆಸರು ತನಗೆ ತಕ್ಕ ಒಡೆಯನನ್ನು ಕಂಡುಕೊಂಡಿತು.

1954–55ರಲ್ಲಿ ಹೊರಬಂದ ‘ದ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಈ ಕೌಶಲ ಇನ್ನೂ ಆಳಕ್ಕಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಫ್ರೋದ್’ ಎಂದರೆ ಅನುಭವದಿಂದ ಪಕ್ವನಾದವನು, ಜ್ಞಾನಿ. ಇದು ಉಂಗುರ ಹೊತ್ತ ಫ್ರೋಡೊನ ಹೆಸರು. ಅವನ ಸೇವಕ ಸ್ಯಾಮ್‌ನ ಪೂರ್ಣನಾಮ ಸ್ಯಾಮ್‌ವೈಸ್. ಅದರ ಮೂಲವಾದ ‘ಸಾಮ್‌ವೀಸ್’ ಎಂಬುದಕ್ಕೆ ಅರೆತಿಳಿವಿನವನು, ದಡ್ಡ ಎಂದರ್ಥ. ಹಳ್ಳಿಯ ತೋಟಗಾರ ಮಗನಿಗೆ ಇಟ್ಟ ಒರಟು ಹೆಸರದು. ಕಥೆಯ ಕೊನೆಗೆ ಅಗ್ನಿಪರ್ವತದ ಬುಡದಲ್ಲಿ ಜ್ಞಾನಿಯ ಕಾಲು ಸೋಲುತ್ತದೆ. ಅರೆತಿಳಿವಿನವನು ಅವನನ್ನು ಬೆನ್ನ ಮೇಲೆ ಹೊತ್ತು ಬೆಟ್ಟವೇರುತ್ತಾನೆ. ಮೇಲೆ ಉಂಗುರವನ್ನು ಬೆಂಕಿಗೆ ಹಾಕಬೇಕಾದ ಕ್ಷಣದಲ್ಲಿ ಫ್ರೋಡೊ ಅದು ತನ್ನದೆಂದುಬಿಡುತ್ತಾನೆ. ಟೋಲ್ಕಿನ್ ಈ ವಿಪರ್ಯಾಸವನ್ನು ಕಥೆಯೊಳಗೆ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಅನುಬಂಧದಲ್ಲಿ ಮಾತ್ರ, ಈ ಗ್ರಂಥವೇ ಒಂದು ಅನುವಾದವೆಂದೂ ಸ್ಯಾಮ್‌ನ ನಿಜನಾಮ ಬನಜೀರ್ ಎಂದೂ ಅದರ ಅರ್ಥವನ್ನು ಹಳೆಯ ಇಂಗ್ಲಿಷಿಗೆ ಹೊರಳಿಸಲಾಗಿದೆಯೆಂದೂ ಪಂಡಿತನ ಗಾಂಭೀರ್ಯದಿಂದ ಬರೆಯುತ್ತಾರೆ.

‘ಹಾಬಿಟ್’ ಎಂಬ ಪದದ ಕತೆ ಇನ್ನೂ ವಿಚಿತ್ರ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಎದುರಾದ ಖಾಲಿ ಹಾಳೆಯಲ್ಲಿ ಅವರು ಆ ಪದವಿದ್ದ ಒಂದು ವಾಕ್ಯವನ್ನು ಗೀಚಿದರು. ಹಾಬಿಟ್ ಎಂದರೇನೆಂದು ಅವರಿಗೇ ತಿಳಿದಿರಲಿಲ್ಲ. ವರ್ಷಗಳ ಬಳಿಕ ‘ಬಿಲ ಕಟ್ಟುವವನು’ ಎಂಬರ್ಥದ ಹಳೆಯ ರೂಪವೊಂದನ್ನು ತಾವೇ ಕಲ್ಪಿಸಿ, ಅದು ಸವೆದು ಹಾಬಿಟ್ ಆಯಿತೆಂದು ವ್ಯುತ್ಪತ್ತಿ ಒದಗಿಸಿದರು.

ಇಷ್ಟಾದರೂ ಇತರರು ಹೊಸೆದ ವ್ಯುತ್ಪತ್ತಿಗಳನ್ನು ಅವರು ಸಹಿಸುತ್ತಿರಲಿಲ್ಲ. ಸೌರೊನ್ ಎಂಬ ದುಷ್ಟಪ್ರಭುವಿನ ಹೆಸರನ್ನು ಗ್ರೀಕಿನ ಹಲ್ಲಿವಾಚಕ ಶಬ್ದದೊಡನೆ ಗಂಟುಹಾಕುವುದನ್ನು 1967ರ ಪತ್ರವೊಂದರ ಕರಡಿನಲ್ಲಿ ಖಂಡಿಸಿದ್ದಾರೆ. ಅವರು ಕಟ್ಟಿದ ಎಲ್ಫ್‌ಭಾಷೆಯಲ್ಲಿ ಆ ಹೆಸರಿನ ಧಾತುವಿಗೆ ಜುಗುಪ್ಸೆಯ ಅರ್ಥವಿದೆ, ಅಷ್ಟೇ ಸಾಕು. ಶಬ್ದ ಎಲ್ಲಿಂದ ಬಂತೆಂಬುದು ಒಂದು, ಕಥಾಲೋಕದೊಳಗೆ ಅದಕ್ಕೇನು ಅರ್ಥವೆಂಬುದು ಇನ್ನೊಂದು. ಧ್ವನಿಸಾಮ್ಯವನ್ನೇ ನಂಬಿ ಹೊರಟವರು ಎಡವುವುದು ಕನ್ನಡಿಗರಿಗೂ ಹೊಸದಲ್ಲ. ವೀರಬಲ್ಲಾಳನಿಗೆ ಮುದುಕಿ ಕೊಟ್ಟ ಬೆಂದ ಕಾಳಿನಿಂದ ಬೆಂಗಳೂರಿಗೆ ಹೆಸರು ಬಂತೆಂಬ ಕತೆಯನ್ನು, ಅವನಿಗಿಂತ ಸುಮಾರು ಮೂರು ಶತಮಾನ ಹಿಂದಿನ ಬೇಗೂರಿನ ಶಾಸನ ಬೆಂಗಳೂರಿನ ಕಾಳಗವನ್ನು ಹೇಳಿ ಸುಳ್ಳಾಗಿಸಿದೆ. ಆದರೂ ಕಾಳು ಇನ್ನೂ ಬೇಯುತ್ತಲೇ ಇದೆ!

ನಾಮಾರ್ಥದ ಭಾರ ಪೂರ್ತಿಯಾಗಿ ಬೀಳುವುದು ಅನುವಾದಕನ ಹೆಗಲ ಮೇಲೆ. ಡಚ್ ಮತ್ತು ಸ್ವೀಡಿಷ್ ಅನುವಾದಗಳಲ್ಲಿ ಹೆಸರುಗಳು ಪಟ್ಟ ಪಾಡನ್ನು ಕಂಡು ಬೇಸತ್ತ ಟೋಲ್ಕಿನ್, ಯಾವುದನ್ನು ಅರ್ಥಾನುಸಾರ ಭಾಷಾಂತರಿಸಬೇಕು, ಯಾವುದನ್ನು ಹಾಗೆಯೇ ಬಿಡಬೇಕೆಂದು ವಿವರಿಸುವ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಅದು ಅವರ ಮರಣಾನಂತರ 1975ರಲ್ಲಿ ಅಚ್ಚಾಯಿತು. ಅದರಂತೆ ಬ್ಯಾಗಿನ್ಸ್ ಎಂಬ ಮನೆತನದ ಹೆಸರಿನಲ್ಲಿ ಚೀಲದ ಸೂಚನೆ ಉಳಿಯಬೇಕು, ಏಕೆಂದರೆ ಅವರ ಮನೆ ಬ್ಯಾಗ್ ಎಂಡ್, ಚೀಲದ ಕೊನೆ. ಈ ಮನೆಯ ಹೆಸರಿಗೆ ಮಾತ್ರ ನಾರ್ಸ್ ಕಾವ್ಯವನ್ನಾಗಲಿ ನಿಘಂಟನ್ನಾಗಲಿ ಹುಡುಕಬೇಕಾಗಿಲ್ಲ. ವೂಸ್ಟರ್‌ಷೈರಿನ ಹಳ್ಳಿಯೊಂದರಲ್ಲಿ ಟೋಲ್ಕಿನ್ನರ ಚಿಕ್ಕಮ್ಮನಿಗೊಂದು ಹೊಲಮನೆಯಿತ್ತು. ಊರಿನವರು ಅದನ್ನು ಕರೆಯುತ್ತಿದ್ದುದೇ ಬ್ಯಾಗ್ ಎಂಡ್ ಎಂದು.